ಹೆಸರಿನ ಬಸ್ಸಿನಿಂದ ನಂಬರಿನ ಬಸ್ಸಿಗೆ



ಹಳ್ಳಿಯ ಬಸ್ಸಿಗೆ ಹೆಸರಿರುತ್ತದೆ, ಬೆಂಗಳೂರಿನ ಬಸ್ಸಿಗೆ ನಂಬರಿರುತ್ತದೆ. ಈ ಒಂದು ವ್ಯತ್ಯಾಸವನ್ನು ದಾಟಿ ಬರುವುದಕ್ಕೆ ನಮ್ಮ ನಾಡಿನ ಲಕ್ಷಾಂತರ ಜನ ಏನೇನು ಪಾಡುಪಟ್ಟರು, ಯಾರಿಂದ ಕಲಿತರು ಎಂಬುದೇ ಈ ಮಾತಿನ ವಿಷಯ. ಇದೂ ಒಂದು ಚರಿತ್ರೆಯೇ ಎಂದು ನಿಮಗೆ ಅನ್ನಿಸಬಹುದು. ಪಾಣಿಪತ್ ಯುದ್ಧಗಳ ಇಸವಿಗಳನ್ನು ನೀವು ಬಾಯಿಪಾಠ ಮಾಡಿದ್ದೀರಿ. ಆದರೆ ನಿಮ್ಮ ತಾತನೋ ತಂದೆಯೋ ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ ಹಿಡಿದು ಬೆಂಗಳೂರಿನಲ್ಲಿ ಇಳಿದ ಬೆಳಗ್ಗೆ, ಸುತ್ತಲೂ ನಿಂತಿದ್ದ ಹತ್ತಾರು ಬಸ್ಸುಗಳಲ್ಲಿ ತಮ್ಮದು ಯಾವುದು ಎಂದು ಹೇಗೆ ಕಂಡುಕೊಂಡರು ಎಂಬ ಸಂಗತಿ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಆ ಬಸ್ಸು ತಪ್ಪಿದ್ದರೆ ಸಂದರ್ಶನ ತಪ್ಪುತ್ತಿತ್ತು, ಕಾರ್ಖಾನೆಯ ಗೇಟು ಮುಚ್ಚುತ್ತಿತ್ತು, ಕಾಲೇಜಿನ ಪ್ರವೇಶದ ಕೊನೆಯ ದಿನ ಮುಗಿದುಹೋಗುತ್ತಿತ್ತು. ಎಷ್ಟೋ ಮನೆತನಗಳ ಮುಂದಿನ ದಾರಿ ಒಂದು ಸಿಟಿ ಬಸ್ಸನ್ನು ಸರಿಯಾಗಿ ಹಿಡಿದುದರ ಮೇಲೆ ನಿಂತಿತ್ತು ಎಂದರೆ ಅದು ಬರಿಯ ಮಾತಲ್ಲ.

ಮೊದಲು ಊರಿನ ಬಸ್ಸನ್ನೇ ನೋಡೋಣ. ಕರಾವಳಿಯ ಕಡೆ ಸಿ.ಪಿ.ಸಿ., ಹನುಮಾನ್, ಶಂಕರ್ ವಿಠಲ್ ಎಂದು ಬಸ್ಸುಗಳನ್ನು ಕಂಪೆನಿಯ ಹೆಸರಿನಿಂದಲೇ ಕರೆಯುತ್ತಿದ್ದರು. ಮಂಗಳೂರಿನ ಸಿ.ಪಿ.ಸಿ. ಹುಟ್ಟಿದ್ದು 1914ರಲ್ಲಿ. ಬಯಲುಸೀಮೆಯಲ್ಲಿ ಏಳು ಗಂಟೆ ಬಸ್ಸು, ಸಂತೆ ಬಸ್ಸು, ಹಾಲ್ಟ್ ಬಸ್ಸು ಎಂಬ ಹೆಸರುಗಳು. ಹಾಲ್ಟ್ ಬಸ್ಸೆಂದರೆ ರಾತ್ರಿ ಊರಿನಲ್ಲೇ ತಂಗಿ ಬೆಳಗಿನ ಜಾವ ಹೊರಡುವ ಬಸ್ಸು. ಅದರ ಡ್ರೈವರು, ಕಂಡಕ್ಟರು ಊರವರ ಪಾಲಿಗೆ ಅರ್ಧ ನೆಂಟರು. ಕೈ ಎತ್ತಿದ ಕಡೆ ಬಸ್ಸು ನಿಲ್ಲುತ್ತದೆ. 'ನಮ್ಮವ್ವ ಬರ್ತಾ ಅದೆ, ಒಸಿ ತಾಳಿ' ಎಂದರೆ ಕಾಯುತ್ತದೆ ಕೂಡ. ಹಳೆಯ ಮೈಸೂರು ಸಂಸ್ಥಾನದಲ್ಲಿ ಸರ್ಕಾರ ತಾನೇ ಬಸ್ಸು ಓಡಿಸಲು ಆರಂಭಿಸಿದ್ದು 1948ರ ಸೆಪ್ಟೆಂಬರ್ 12ರಂದು, 120 ಬಸ್ಸುಗಳಿಂದ. ಆ ಮೇಲೂ ಹಳ್ಳಿಯ ಬಸ್ಸಿನ ಈ ಸ್ವಭಾವ ಬಹಳ ಬದಲಾಗಲಿಲ್ಲ. ಅಲ್ಲಿ ಪ್ರಯಾಣಿಕನು ಬಸ್ಸನ್ನು ಬಲ್ಲ, ಬಸ್ಸೂ ಪ್ರಯಾಣಿಕನನ್ನು ಬಲ್ಲದು.

ಬೆಂಗಳೂರು ಸಹ ಬಹುಕಾಲ ಹೀಗೆಯೇ ಪರಿಚಯದ ಊರಾಗಿತ್ತು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳಲಾಗುವ ಪೇಟೆ ನಡೆದು ಮುಗಿಸಬಹುದಾದ ಊರು. ಇಂದಿನ ಅವೆನ್ಯೂ ರಸ್ತೆಯೇ ಅಂದಿನ ದೊಡ್ಡಪೇಟೆ. ಅದಕ್ಕೆ ಅಡ್ಡವಾಗಿ ಚಿಕ್ಕಪೇಟೆ. ಸುತ್ತ ಅರಳೆಪೇಟೆ, ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ. ಹೆಸರುಗಳನ್ನು ಕೇಳಿದರೇ ತಿಳಿಯುತ್ತದೆ: ಹೊರಗಿನಿಂದ ಬಂದವನು ತನ್ನ ಕಸುಬಿನ, ತನ್ನ ಕುಲದ ಪೇಟೆಯನ್ನು ಹುಡುಕಿಕೊಂಡು ಹೋಗುತ್ತಿದ್ದ. ಅಲ್ಲಿ ಅವನಿಗೆ ಅಂಗಳ ಸಿಗುತ್ತಿತ್ತು, ಕೆಲಸ ಸಿಗುತ್ತಿತ್ತು, ಮಾತನಾಡಿಸುವ ಜನ ಸಿಗುತ್ತಿದ್ದರು. ಪೇಟೆಯಿಂದ ಪೇಟೆಗೆ ಹೋಗಲು ವಾಹನವೇ ಬೇಕಿರಲಿಲ್ಲ.

1809ರಲ್ಲಿ ಬ್ರಿಟಿಷರು ಹಲಸೂರಿನ ಕಡೆ ದಂಡು ಪ್ರದೇಶವನ್ನು ಸ್ಥಾಪಿಸಿದಾಗ ಒಂದೇ ಊರಿನ ಹೆಸರಿನಲ್ಲಿ ಎರಡು ಊರುಗಳಾದವು. ನಡುವೆ ಬಯಲು, ಮುಂದೆ ಅಲ್ಲೇ 1870ರಲ್ಲಿ ಕಬ್ಬನ್ ಪಾರ್ಕು. ಜೋಲಾರಪೇಟೆಯಿಂದ ರೈಲು ದಂಡಿಗೆ ಬಂದದ್ದು 1864ರಲ್ಲಿ. 1898ರ ಪ್ಲೇಗಿನ ಅನಂತರ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಇಷ್ಟಾಗುವ ಹೊತ್ತಿಗೆ ಊರು ಕಾಲಿನ ಅಳತೆಯನ್ನು ಮೀರಿತ್ತು. ಉಳ್ಳವರಿಗೆ ಜಟಕಾ, ಕೆಲವರಿಗೆ ಸೈಕಲ್ಲು, ಮಿಕ್ಕವರಿಗೆ ನಡಿಗೆ. ಜಟಕಾ ಸಾಬಿಯ ಹತ್ತಿರ ಚೌಕಾಸಿ ಮಾಡುವುದೇ ಹೊಸಬನು ಕಲಿಯಬೇಕಾಗಿದ್ದ ಮೊದಲ ವಿದ್ಯೆ. ಮದರಾಸು, ಮುಂಬಯಿ, ಕಲ್ಕತ್ತಗಳಲ್ಲಿ ಈ ವೇಳೆಗೆ ಟ್ರಾಮ್ ಗಾಡಿಗಳು ಓಡುತ್ತಿದ್ದವು. ಬೆಂಗಳೂರು ಮಾತ್ರ ಟ್ರಾಮನ್ನು ಕಾಣಲೇ ಇಲ್ಲ. ಜಟಕಾದಿಂದ ಇಳಿದ ಊರು ನೇರವಾಗಿ ಬಸ್ಸು ಹತ್ತಿತು.

ಇಲ್ಲಿ ಒಂದು ಚಿಕ್ಕ ಅಡ್ಡದಾರಿ ಹಿಡಿಯಲು ಅಪ್ಪಣೆ ಕೊಡಿ. ಬಸ್ಸು ಎಂಬ ಮಾತು ಎಲ್ಲಿಂದ ಬಂತು? ನಿಗದಿಯಾದ ದಾರಿ, ನಿಗದಿಯಾದ ದರ, ಜನ ಇರಲಿ ಬಿಡಲಿ ನಿಗದಿಯಾದ ಹೊತ್ತಿಗೆ ಹೊರಡುವ ಗಾಡಿ: ಈ ಯೋಜನೆಯನ್ನು ಪ್ಯಾರಿಸಿನಲ್ಲಿ 1662ರಲ್ಲಿ ಆರಂಭಿಸಿದವರಲ್ಲಿ ಪ್ರಮುಖ ಬ್ಲೇಸ್ ಪ್ಯಾಸ್ಕಲ್. ಹೌದು, ನಿಮ್ಮ ಗಣಿತ, ಭೌತಶಾಸ್ತ್ರ ಪುಸ್ತಕಗಳಲ್ಲಿ ಬರುವ ಪ್ಯಾಸ್ಕಲನೇ. ಐದು ಕಾಸಿನ ಗಾಡಿ ಎಂದು ಅದು ಹೆಸರಾಯಿತು. ಆದರೆ ಸೈನಿಕರು, ಊಳಿಗದವರು ಅದನ್ನು ಹತ್ತಬಾರದೆಂದು ಅಲ್ಲಿನ ನ್ಯಾಯಮಂಡಲಿ ನಿರ್ಬಂಧ ಹಾಕಿತು. ಕೆಲವು ವರ್ಷಗಳಲ್ಲಿ ಆ ಗಾಡಿ ನಿಂತೂಹೋಯಿತು. ಮತ್ತೆ 1826ರಲ್ಲಿ ಫ್ರಾನ್ಸಿನ ನಾಂತ್ ನಗರದಲ್ಲಿ ಬೋದ್ರಿ ಎಂಬಾತ ಊರ ಹೊರಗಿದ್ದ ತನ್ನ ಬಿಸಿನೀರ ಸ್ನಾನಗೃಹಕ್ಕೆ ಗಿರಾಕಿಗಳನ್ನು ಕರೆತರಲು ಕುದುರೆಗಾಡಿ ಹೂಡಿದ. ಜನ ಸ್ನಾನಕ್ಕೆ ಹೋಗದೆ ನಡುನಡುವೆ ಇಳಿದು ತಮ್ಮ ಕೆಲಸಗಳಿಗೆ ಹೋಗತೊಡಗಿದರು! ಜಾಣ ಬೋದ್ರಿ ಸ್ನಾನಗೃಹಕ್ಕಿಂತ ಗಾಡಿಯೇ ಲಾಭವೆಂದು ಕಂಡುಕೊಂಡ. ಆ ಗಾಡಿಗೆ ಬಂದ ಹೆಸರು ಆಮ್ನಿಬಸ್. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ 'ಎಲ್ಲರಿಗೂ' ಎಂದರ್ಥ. ಚತುರ್ಥೀ ವಿಭಕ್ತಿಯ ಬಹುವಚನ. ಜನರ ಬಾಯಲ್ಲಿ ಸವೆದು ಸವೆದು ಪ್ರಕೃತಿ ಹೋಗಿ ಪ್ರತ್ಯಯದ ತುಂಡೊಂದು ಉಳಿಯಿತು: ಬಸ್. ಕನ್ನಡದಲ್ಲಿ 'ಎಲ್ಲರಿಗೂ' ಎಂಬುದರಲ್ಲಿ 'ರಿಗೂ' ಮಾತ್ರ ಉಳಿಸಿಕೊಂಡು 'ರಿಗೂ ಬಂತು, ರಿಗೂ ಹೋಯಿತು' ಎಂದ ಹಾಗೆ. ವ್ಯಾಕರಣದ ಮೇಷ್ಟ್ರುಗಳು ಒಪ್ಪಲಿಕ್ಕಿಲ್ಲ. ಆದರೂ 'ಎಲ್ಲರಿಗೂ' ಎಂಬ ಆ ಅರ್ಥ ನಮ್ಮ ನಾಡಿನಲ್ಲಿ ಮಾಡಿದ ಕೆಲಸ ಸಣ್ಣದಲ್ಲ. ಮುಂದೆ ನೋಡೋಣ.

ಬೆಂಗಳೂರಿಗೆ ಬಂದ 'ಎಲ್ಲರಿಗೂ' ಗಾಡಿಯ ಹೆಸರು ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿ, ಅಂದರೆ ಬಿ.ಟಿ.ಸಿ. 1940ರಲ್ಲಿ 98 ಬಸ್ಸುಗಳೊಂದಿಗೆ ಅದು ಆರಂಭವಾಯಿತು. ಆಗ ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲಿಗೆ ರೇಷನ್ನು. ನಮ್ಮ ಕಡೆಯ ಅನೇಕ ಬಸ್ಸುಗಳು ಹಿಂಬದಿಯಲ್ಲಿ ಇದ್ದಿಲಿನ ಒಲೆ ಕಟ್ಟಿಕೊಂಡು, ಅದರ ಗ್ಯಾಸಿನಿಂದ ಏದುಸಿರು ಬಿಡುತ್ತಾ ಓಡಿದವು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು. ಅದೇ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಸ್ಥಾಪನೆಯಾಯಿತು. 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಇವೆಲ್ಲ ಊರಿನಿಂದ ಮೈಲಿಗಟ್ಟಲೆ ದೂರ. 1941ರ ಜನಗಣತಿಯಲ್ಲಿ ನಗರ ಮತ್ತು ದಂಡು ಸೇರಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ಕ್ಕೆ 8 ಲಕ್ಷದ ಹತ್ತಿರ ಬಂತು. ಹುಟ್ಟಿದ ಮಕ್ಕಳನ್ನೂ ಹೊಸದಾಗಿ ಸೇರಿದ ಹಳ್ಳಿಗಳನ್ನೂ ಕಳೆದರೂ, ಹತ್ತು ವರ್ಷಗಳಲ್ಲಿ ಎಷ್ಟು ಜನ ಹೊಸಬರು ಬಂದಿರಬೇಕು ಲೆಕ್ಕ ಹಾಕಿ. ಈ ಹೊಸಬರು ಪೇಟೆಯ ಅಂಗಳ ಹುಡುಕಿಕೊಂಡು ಬಂದವರಲ್ಲ. ಪಾಳಿಯ ಹೊತ್ತಿಗೆ ಕಾರ್ಖಾನೆಯ ಸೈರನ್ನು ಹುಡುಕಿಕೊಂಡು ಬಂದವರು.

1956 ಬಹಳ ಮುಖ್ಯವಾದ ವರ್ಷ. ಆ ವರ್ಷ ಬಿ.ಟಿ.ಸಿ. ರಾಷ್ಟ್ರೀಕರಣಗೊಂಡು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್, ಬಿ.ಟಿ.ಎಸ್., ಆಯಿತು. ಅದೇ ವರ್ಷ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ವಿಧಾನಸೌಧವೂ ಅದೇ ವರ್ಷ ಸಿದ್ಧವಾಯಿತು. ಮೊದಲು ಧಾರವಾಡದವರಿಗೆ ಮುಂಬಯಿ, ರಾಯಚೂರಿನವರಿಗೆ ಹೈದರಾಬಾದು ರಾಜಧಾನಿಯಾಗಿತ್ತು. ಇನ್ನು ಮೇಲೆ ಎಲ್ಲರ ಕಾಗದಪತ್ರಗಳೂ ಬೆಂಗಳೂರಿಗೆ. ಗುಮಾಸ್ತರು, ಅಧಿಕಾರಿಗಳು, ವಿದ್ಯಾರ್ಥಿಗಳು, ಅರ್ಜಿ ಹಿಡಿದ ರೈತರು ರೈಲಿನಿಂದ ಇಳಿಯತೊಡಗಿದರು. ಭಾಷೆ ಕನ್ನಡವೇ ಆದರೂ 'ಈ ಬಸ್ ಎಲ್ಲಿಗೆ ಹೊಂಟೈತ್ರೀ?' ಎಂದವರಿಗೆ 'ಬೇಗ ಹತ್ತಿ ಸಾರ್, ರೈಟ್!' ಎಂಬ ಉತ್ತರ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಕಂಡಕ್ಟರನ ಮಟ್ಟಿಗೆ ಇದು ಹೊಸದೇನಲ್ಲ. ಒಂದೇ ಪ್ರಯಾಣದಲ್ಲಿ ಅವನು ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲೂ ಚಿಲ್ಲರೆ ಕೇಳಬಲ್ಲ. ಕರ್ನಾಟಕದ ಏಕೀಕರಣ ಭಾಷಣಗಳಲ್ಲಿ, ಠರಾವುಗಳಲ್ಲಿ ನಡೆದದ್ದು ನಿಜ. ಸಿಟಿ ಬಸ್ಸಿನ ಕಂಬಿ ಹಿಡಿದು ನಿಂತ ಜನರ ನಡುವೆಯೂ ಅದರ ಒಂದು ಭಾಗ ನಡೆಯಿತೆಂಬುದು ನನ್ನ ಅಭಿಪ್ರಾಯ. 1961ರಲ್ಲಿ ಬಿ.ಟಿ.ಎಸ್. ರಾಜ್ಯ ರಸ್ತೆ ಸಾರಿಗೆ ನಿಗಮದೊಳಗೆ ಸೇರಿತಾದರೂ ಜನ ಆ ಮೂರು ಅಕ್ಷರಗಳನ್ನು ಬಿಡಲಿಲ್ಲ. 'ಬಿಟ್ರೆ ತಿರ್ಗಾ ಸಿಗಲ್ಲ' ಎಂದು ಅವುಗಳಿಗೆ ತಮ್ಮದೇ ವಿಸ್ತರಣೆ ಕೊಟ್ಟರು. ನಗೆಯ ಮಾತಿನಲ್ಲಿ ಎಷ್ಟು ಕಾದ ಸಂಕಟವಿದೆ ನೋಡಿ.

ಹೊಸಬರೆಲ್ಲರೂ ಬಂದು ಇಳಿಯುತ್ತಿದ್ದದ್ದು ಮೆಜೆಸ್ಟಿಕ್ಕಿನಲ್ಲಿ. ಈ ಜಾಗದ ಕಥೆಯೇ ಸ್ವಾರಸ್ಯ. ಅಲ್ಲಿ ಹಿಂದೆ ಧರ್ಮಾಂಬುಧಿ ಎಂಬ ಕೆರೆಯಿತ್ತು; ಪೇಟೆಯ ಜನ ಅದರ ನೀರು ಕುಡಿಯುತ್ತಿದ್ದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ಕೆರೆಯನ್ನು ಕೇಳುವವರಿಲ್ಲವಾಯಿತು. ಅದು ಬತ್ತಿ ಬಯಲಾಯಿತು. ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ ಎದ್ದಿತು. ಹತ್ತಿರದ ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರಿನಲ್ಲಿ ಕೆರೆಯ ಏರಿ ಇನ್ನೂ ಉಳಿದಿದೆ. ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟರೂ ಜನ ಕರೆಯುವುದು ಮೆಜೆಸ್ಟಿಕ್ ಎಂದೇ. ಅದು ಅಲ್ಲಿದ್ದ ಒಂದು ಚಿತ್ರಮಂದಿರದ ಹೆಸರು. ಚಿತ್ರಮಂದಿರ ನೆಲಸಮವಾಗಿ ಎಷ್ಟೋ ಕಾಲವಾಯಿತು, ಹೆಸರು ಗಟ್ಟಿಯಾಗಿದೆ. ಎದುರಿಗೆ ರೈಲು ನಿಲ್ದಾಣ, ಪಕ್ಕದಲ್ಲೇ 1903ರಲ್ಲಿ ಸ್ಥಾಪನೆಯಾದ ಗುಬ್ಬಿ ತೋಟದಪ್ಪನವರ ಛತ್ರ. ರಾತ್ರಿ ಬಂದಿಳಿದವರು ಛತ್ರದಲ್ಲಿ ಮಲಗಿ, ಬೆಳಗ್ಗೆ ಎದ್ದು ಮುಖ ತೊಳೆದು, ಬಸ್ ನಿಲ್ದಾಣಕ್ಕೆ ಬಂದು ನಿಂತು ತಮ್ಮ ಮೊದಲ ಪಾಠಕ್ಕೆ ಸಿದ್ಧರಾಗುತ್ತಿದ್ದರು.

ಆ ಪಾಠಕ್ಕೆ ಮೇಷ್ಟ್ರು ಯಾರು? ಪಕ್ಕದಲ್ಲಿ ನಿಂತವರು. ಊರಿನಿಂದ ಮೊದಲೇ ಬಂದಿದ್ದ ನೆಂಟರು ಕಾಗದದಲ್ಲಿ ಬರೆದಿರುತ್ತಿದ್ದರು: 'ಮೆಜೆಸ್ಟಿಕ್ಕಿನಲ್ಲಿ ಇಂಥ ನಂಬರಿನ ಬಸ್ಸು ಹತ್ತು, ಇಂಥ ಸ್ಟಾಪು ಎಂದು ಕಂಡಕ್ಟರಿಗೆ ಹೇಳಿ ಮುಂದುಗಡೆ ಕೂತುಕೋ, ಇಳಿದ ಮೇಲೆ ಎಡಗಡೆ ಒಂದು ಅರಳೀಮರ ಸಿಗುತ್ತೆ.' ಹೊಸಬನಿಗೆ ಇದೇ ನಕ್ಷೆ. ಓದು ಬಾರದವರ ಮಾತು ಬೇರೆ. ಅವರು ಅಂಕಿಗಳನ್ನು ಚಿತ್ರದ ಹಾಗೆ ನೆನಪಿಟ್ಟುಕೊಳ್ಳುತ್ತಿದ್ದರು. ಬಸ್ಸು ನಿಲ್ಲುವ ಪ್ಲಾಟ್‌ಫಾರಂ ಎದುರಿನ ಹೋಟೆಲು, ಹೂವಿನ ಅಂಗಡಿ, ಕಂಬ ಇವುಗಳ ಗುರುತು ಇಟ್ಟುಕೊಳ್ಳುತ್ತಿದ್ದರು. ಮನೆಗೆಲಸಕ್ಕೆ ಹೋಗುವ ಹೆಂಗಸರು ಅಕ್ಷರ ಕಲಿಯುವ ಮೊದಲೇ ಅಂಕಿ ಗುರುತಿಸಲು ಕಲಿತದ್ದು ಬಸ್ಸಿನ ಹಣೆ ನೋಡಿಯೇ. ವಯಸ್ಕರ ಶಿಕ್ಷಣದ ಇತಿಹಾಸ ಬರೆಯುವವರು ಇದನ್ನು ಮರೆಯಬಾರದು.

ನಂಬರಿಗೂ ಒಂದು ವ್ಯಾಕರಣ ಉಂಟು. 365 ಎಂದರೆ ಬನ್ನೇರುಘಟ್ಟದ ದಿಕ್ಕು, 356 ಎಂದರೆ ಹೊಸೂರು ರಸ್ತೆ, 276 ಎಂದರೆ ವಿದ್ಯಾರಣ್ಯಪುರ, 210 ಎಂದರೆ ಉತ್ತರಹಳ್ಳಿ. ಅಂಕಿಯ ಮುಂದಿನ ಅಕ್ಷರ ಅದೇ ದಾರಿಯ ಕವಲು. ವೈಟ್‌ಫೀಲ್ಡ್ ಕಡೆಯ 335 ಇ ಬಸ್ಸಿನ ಹೆಸರು ಕೇಳದ ಕೆಲಸಗಾರರು ಆ ಭಾಗದಲ್ಲಿ ವಿರಳ. 500ರ ಸಾಲಿನವು ಮೆಜೆಸ್ಟಿಕ್ಕಿನ ಮುಖವನ್ನೇ ನೋಡದೆ ವರ್ತುಲ ರಸ್ತೆಯಲ್ಲಿ ಸುತ್ತುವ ಬಸ್ಸುಗಳು. ಊರು ಪೇಟೆಯ ಸುತ್ತ ತಿರುಗುವುದನ್ನು ಬಿಟ್ಟಿದೆ ಎಂಬುದಕ್ಕೆ ಈ 500ಕ್ಕಿಂತ ಬೇರೆ ಸಾಕ್ಷಿ ಬೇಡ. ಅಕ್ಷರ ಬಿಟ್ಟು ಬರಿಯ ಅಂಕಿ ನೋಡಿ ಹತ್ತಿದವರು ಅರ್ಧ ದಾರಿಯಲ್ಲಿ ಕವಲೊಡೆದು ಬೇರೆ ಬಡಾವಣೆ ಸೇರುತ್ತಿದ್ದರು. ಬಳಿಕ ಕಂಡಕ್ಟರು ಸೀಟಿ ಊದಿ, 'ಎದುರುಗಡೆ ಸ್ಟಾಪಲ್ಲಿ ನಿಂತ್ಕೊಳ್ಳಿ ಯಜಮಾನ್ರೇ, ವಾಪಸ್ ಬರೋದು ಸಿಗುತ್ತೆ' ಎಂದು ಇಳಿಸುತ್ತಿದ್ದ. ಎದುರುಗಡೆ ಎಂಬುದೂ ಒಂದು ಹೊಸ ಪಾಠ. ಊರಿನಲ್ಲಿ ಹೋಗುವ ಬಸ್ಸು, ಬರುವ ಬಸ್ಸು ಎರಡೂ ನಿಲ್ಲುವುದು ಒಂದೇ ಅರಳೀಕಟ್ಟೆಯ ಹತ್ತಿರ, ಇಲ್ಲಿ ಹಾಗಲ್ಲ.

ಇನ್ನು ನಿಲ್ದಾಣಗಳ ಹೆಸರು. ಅವು ಇಲ್ಲದ ವಸ್ತುಗಳ ಹೆಸರುಗಳು. ಮಿನರ್ವ ಸರ್ಕಲ್ಲಿನಲ್ಲಿ ಮಿನರ್ವ ಟಾಕೀಸಿಲ್ಲ. ಬಿನ್ನಿ ಮಿಲ್ಲಿನಲ್ಲಿ ಮಗ್ಗದ ಸದ್ದಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು, ಆದರೆ 'ಮೈಸೂರ್ ಬ್ಯಾಂಕ್ ಇಳಿಯೋರು ಬನ್ನಿ' ಎಂಬ ಕೂಗು ನಿಲ್ಲಲಿಲ್ಲ. ಹೊಸಬರಿಗೆ ಇದು ತೊಡಕು. ಕಿಟಕಿಯಿಂದ ನೋಡಿದರೆ ಬೋರ್ಡು ಕಾಣುವುದಿಲ್ಲ, ಕಂಡಕ್ಟರು ಮಾತ್ರ ಹೆಸರು ಕೂಗುತ್ತಾನೆ. ಚರಿತ್ರೆಯ ವಿದ್ಯಾರ್ಥಿಗಳಾದ ನಿಮಗೆ ಇದು ಲಾಭ. ಶಾಸನಗಳನ್ನು ಹುಡುಕಿಕೊಂಡು ದೂರ ಹೋಗುವ ಮುನ್ನ ನಿಮ್ಮ ಬಸ್ಸಿನ ನಿಲುಗಡೆಗಳ ಪಟ್ಟಿಯನ್ನು ಒಮ್ಮೆ ಬರೆದು ನೋಡಿ. ಪ್ರತಿಯೊಂದು ಹೆಸರು ಯಾಕೆ ಬಂತೆಂದು ಹಿರಿಯರನ್ನು ಕೇಳಿ. ಅರ್ಧ ಬೆಂಗಳೂರಿನ ಚರಿತ್ರೆ ಅಲ್ಲೇ ಸಿಗುತ್ತದೆ.

ಬಸ್ಸಿನ ಒಳಗೂ ಕಾನೂನುಗಳಿದ್ದವು, ಬರೆದವು ಕೆಲವು, ಬರೆಯದವು ಹಲವು. ಮುಂಬಾಗಿಲು ಹೆಂಗಸರಿಗೆ, ಹಿಂಬಾಗಿಲು ಗಂಡಸರಿಗೆ. ಒಂದೇ ಬಾಗಿಲಿನ ಊರ ಬಸ್ಸಿನಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಹತ್ತಿ ಅಭ್ಯಾಸವಾದವರಿಗೆ, ಗಂಡ ಹಿಂದೆ, ಹೆಂಡತಿ ಮುಂದೆ ಹತ್ತಿ ಜನಜಂಗುಳಿಯಲ್ಲಿ ಒಬ್ಬರಿಗೊಬ್ಬರು ಕಾಣದೆ, 'ಇಳಿದೆಯಾ? ಇಳಿದೆಯಾ?' ಎಂದು ಕೂಗಾಡುವ ಪ್ರಸಂಗ ಮಾಮೂಲು. ಟಿಕೆಟ್ಟಿನ ದರ ಸ್ಟೇಜಿನ ಲೆಕ್ಕ. ಒಂದು ಸ್ಟೇಜ್ ಎಂದರೆ ಎರಡು ಕಿಲೋಮೀಟರ್. ಇದನ್ನು ಬಲ್ಲವರು ಒಂದು ಸ್ಟಾಪು ಮುಂಚೆಯೇ ಇಳಿದು ನಡೆದು ಸ್ಟೇಜಿನ ಕಾಸು ಉಳಿಸುತ್ತಿದ್ದರು. ತಿಂಗಳ ಕೊನೆಯಲ್ಲಿ ಆ ಪುಡಿಗಾಸಿನಿಂದ ಊರಿಗೊಂದು ಕಾಗದ ಬರೆಯಬಹುದಿತ್ತು. ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರು ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾನೆ. ಇಳಿಯುವ ಗಡಿಬಿಡಿಯಲ್ಲಿ ಅದನ್ನು ಕೇಳಿ ಪಡೆದವನು ಪಟ್ಟಣಿಗನಾದ ಎಂದೇ ಅರ್ಥ. ಕಂಡಕ್ಟರರಲ್ಲಿ ಗದರುವವರೂ ಇದ್ದರು, ಹಾಡು ಗುನುಗುತ್ತಾ ಟಿಕೆಟ್ ಹರಿಯುವವರೂ ಇದ್ದರು. 1970ರ ದಶಕದ ಆರಂಭದಲ್ಲಿ ಬಿ.ಟಿ.ಎಸ್. ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದ ಶಿವಾಜಿರಾವ್ ಗಾಯಕ್ವಾಡ್ ಎಂಬ ತರುಣ ಮುಂದೆ ಮದರಾಸಿಗೆ ಹೋಗಿ ರಜನಿಕಾಂತ್ ಆದದ್ದು ನಿಮಗೆ ಗೊತ್ತೇ ಇದೆ.

'ಎಲ್ಲರಿಗೂ' ಎಂಬ ಅರ್ಥದ ಮಾತು ಬಂದಿತ್ತಲ್ಲ, ಅದಕ್ಕೆ ಈಗ ಬರೋಣ. ಪೇಟೆಯಲ್ಲಿ ಯಾರು ಯಾರ ಪಕ್ಕ ಕೂರಬೇಕೆಂಬುದು ಹುಟ್ಟಿನಿಂದ ತೀರ್ಮಾನವಾಗುತ್ತಿತ್ತು. ಬಸ್ಸಿನಲ್ಲಿ ಅದನ್ನು ತೀರ್ಮಾನಿಸುವುದು ಖಾಲಿ ಸೀಟು. ಇಬ್ಬರ ಸೀಟಿನಲ್ಲಿ ಪಕ್ಕದವರ ಕುಲ ಕೇಳಲು ಸಮಯವೂ ಇಲ್ಲ, ಕೇಳಿ ಎದ್ದು ಹೋದರೆ ನಿಲ್ಲಬೇಕು, ಹಿಂದಿನವರು ಬಂದು ಕೂತೇ ಬಿಡುತ್ತಾರೆ. ಬಸ್ಸು ಜಾತಿಯನ್ನು ಅಳಿಸಿತೆಂದು ನಾನು ಹೇಳುತ್ತಿಲ್ಲ. ಇಳಿದ ಮೇಲೆ ಬಾಡಿಗೆ ಮನೆ ಕೇಳಲು ಹೋದಾಗ ಅದು ಬಾಗಿಲಲ್ಲೇ ಕಾದಿರುತ್ತಿತ್ತು. ಆದರೆ ದಿನಕ್ಕೆ ಎರಡು ಹೊತ್ತು, ಅರ್ಧ ಗಂಟೆಯಾದರೂ, ಹೆಗಲಿಗೆ ಹೆಗಲು ತಾಗಿ ಕೂರುವ ಅಭ್ಯಾಸವನ್ನು ಅದು ಒಂದು ತಲೆಮಾರಿಗೆ ಕಲಿಸಿತು. ಪ್ಯಾರಿಸಿನ ಐದು ಕಾಸಿನ ಗಾಡಿ ಮಾಡಲಾಗದೆ ಹೋದ ಕೆಲಸ ಅದು.

ಹೆಣ್ಣುಮಕ್ಕಳ ವಿಷಯದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ವಿದ್ಯಾರ್ಥಿ ಪಾಸು ಎಂಬ ಫೋಟೋ ಅಂಟಿಸಿದ ಚೀಟಿ ನಿಮ್ಮಲ್ಲಿ ಅನೇಕರ ಚೀಲದಲ್ಲಿ ಇದೆ. ನಗರದ ಅಂಚಿನ ಹಳ್ಳಿಗಳ ಮನೆಗಳಲ್ಲಿ ಮಗಳನ್ನು ಕಾಲೇಜಿಗೆ ಕಳಿಸುವುದೋ ಬೇಡವೋ ಎಂಬ ಮಾತು ಬಂದಾಗ, ಕೊನೆಗೆ ಕೇಳುತ್ತಿದ್ದ ಪ್ರಶ್ನೆ ಪಠ್ಯದ ಬಗೆಗಲ್ಲ. 'ಸಂಜೆ ಎಷ್ಟು ಗಂಟೆಗೆ ಬಸ್ಸಿದೆ?' ಎಂಬುದು. ಐದೂವರೆಯ ಬಸ್ಸು ಇದ್ದರೆ ಪದವಿ, ಇಲ್ಲದಿದ್ದರೆ ಮದುವೆ. ಇದು ಉತ್ಪ್ರೇಕ್ಷೆಯಂತೆ ಕಂಡರೆ ನಿಮ್ಮ ಚಿಕ್ಕಮ್ಮಂದಿರನ್ನು ಕೇಳಿ ನೋಡಿ. ಮೊದಲ ವಾರ ಅಪ್ಪನೋ ಅಣ್ಣನೋ ಜೊತೆಗೆ ಬಂದು ಬಸ್ಸು ತೋರಿಸುತ್ತಿದ್ದರು. ಎರಡನೆಯ ವಾರ ಒಬ್ಬಳೇ. ಅದಾದ ಮೇಲೆ ಆಕೆ ಮನೆಯ ಎಲ್ಲರಿಗಿಂತ ಹೆಚ್ಚು ನಂಬರು ಬಲ್ಲವಳು. ಆಸ್ಪತ್ರೆಗೆ ಅಜ್ಜಿಯನ್ನು ಕರೆದೊಯ್ಯಲು, ಕಂದಾಯದ ಕಚೇರಿಗೆ ಅಪ್ಪನ ಜೊತೆ ಹೋಗಲು ಅವಳೇ ಬೇಕು. ನೂಕುನುಗ್ಗಲಿನಲ್ಲಿ ಕೀಳಾಗಿ ನಡೆದುಕೊಳ್ಳುವವರನ್ನು ಹೇಗೆ ಎದುರಿಸಬೇಕೆಂಬುದನ್ನು ಸಹ ಅವಳು ಬಸ್ಸಿನಲ್ಲೇ ಕಲಿಯಬೇಕಾಯಿತು. ಸೇಫ್ಟಿ ಪಿನ್ನು ಬಟ್ಟೆಗೆ ಮಾತ್ರ ಇರುತ್ತಿರಲಿಲ್ಲ.

1991ರ ಗಣತಿಯ ಹೊತ್ತಿಗೆ ನಗರ 41 ಲಕ್ಷ ಮುಟ್ಟಿತ್ತು. 1997ರ ಆಗಸ್ಟ್ 15ರಂದು ನಗರದ ಬಸ್ಸುಗಳಿಗೆ ಪ್ರತ್ಯೇಕವಾಗಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಏರ್ಪಟ್ಟಿತು. 98 ಬಸ್ಸುಗಳ ಜಾಗದಲ್ಲಿ ಇಂದು ಆರು ಸಾವಿರಕ್ಕೂ ಹೆಚ್ಚು. ಪಟ್ಟಣಕ್ಕೆ ಮೆರುಗು ಕೊಟ್ಟಿದ್ದ ಎರಡಂತಸ್ತಿನ ಬಸ್ಸುಗಳು ಆ ಹೊತ್ತಿಗೆ ಮರೆಯಾಗುತ್ತಿದ್ದವು. ಮೇಲಂತಸ್ತಿನ ಮುಂದಿನ ಸೀಟಿಗಾಗಿ ಮಕ್ಕಳು ಜಗಳವಾಡುತ್ತಿದ್ದ ಕಾಲ ಹೋಯಿತು.

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ 6.7 ಕಿಲೋಮೀಟರ್ ದೂರ ನಮ್ಮ ಮೆಟ್ರೊ ಓಡಿತು. ಅಂದು ಒಂದು ವಿಚಿತ್ರ ನಡೆಯಿತು. ಮೂರು ತಲೆಮಾರಿನಿಂದ ಬೆಂಗಳೂರಿನಲ್ಲೇ ಇದ್ದವರು ಸಹ ಊರಿನಿಂದ ಆಗ ತಾನೇ ಇಳಿದವರಂತಾದರು. ಟೋಕನ್ನನ್ನು ಎಲ್ಲಿ ತೋರಿಸಬೇಕು? ಹೊರಬರುವಾಗ ಅದನ್ನು ಎಲ್ಲಿ ಹಾಕಬೇಕು? ಚಲಿಸುವ ಮೆಟ್ಟಿಲಿನ ಮುಂದೆ ಸೀರೆಯ ನೆರಿಗೆ ಎತ್ತಿಹಿಡಿದು, ಒಂದು ಕಾಲು ಮುಂದಿಟ್ಟು ಹಿಂದೆಗೆದು, ನಿಂತುಬಿಡುತ್ತಿದ್ದ ಅಜ್ಜಿಯರು. ಅವರ ಕೈ ಹಿಡಿದು 'ಬನ್ನಿ ಅಜ್ಜಿ, ಏನೂ ಆಗಲ್ಲ' ಎನ್ನುತ್ತಿದ್ದ ಕಾಲೇಜು ಹುಡುಗರು. ಇಲ್ಲಿ ಕಂಡಕ್ಟರಿಲ್ಲ, ಚಿಲ್ಲರೆಯ ಜಗಳವಿಲ್ಲ, 'ಒಳಗೆ ಹೋಗಿ, ಒಳಗೆ ಹೋಗಿ' ಎಂಬ ಗದರಿಕೆ ಇಲ್ಲ. ನಿಲ್ದಾಣದ ಹೆಸರು ಹೇಳಲು ಒಂದು ದನಿ ಮಾತ್ರ ಇದೆ. ದೂರದರ್ಶನದ ವೀಕ್ಷಕರಿಗೆ ಚಿರಪರಿಚಿತರಾಗಿದ್ದ ನಿರೂಪಕಿ ಅಪರ್ಣಾ ಅವರ ದನಿಯಲ್ಲಿ ಮೆಟ್ರೊದ ಕನ್ನಡ ಪ್ರಕಟಣೆಗಳನ್ನು ಜನ ಕೇಳಿದರು. 2024ರ ಜುಲೈಯಲ್ಲಿ ಅವರು ತೀರಿಕೊಂಡಾಗ, ಅವರ ಮುಖ ನೋಡದಿದ್ದ ಪ್ರಯಾಣಿಕರು ಸಹ ಮರುಗಿದರು. ಎಂದೂ ಭೇಟಿಯಾಗದ ಒಬ್ಬರು ದಾರಿ ತೋರಿಸಿದ ಋಣ ಅದು.

ಮೆಟ್ರೊ ಸೊಗಸಾಗಿದೆ, ಸರಿ. ಬಸ್ಸಿಗೆ ಹೋಲಿಸಿದರೆ ದರ ಹೆಚ್ಚು, ಹೋಗುವ ಕಡೆಗಳು ಕಡಿಮೆ. ಮೊಬೈಲಿನಲ್ಲಿ ನಕ್ಷೆ ನೋಡಿ ಬಸ್ಸು ಹಿಡಿಯುವ ಅನುಕೂಲವೂ ಬಂದಿದೆ. ಹಾಗಾಗಿ ಪಕ್ಕದವರನ್ನು ಕೇಳಿ ಕಲಿಯುವ ಪದ್ಧತಿ ಮುಗಿಯಿತೆಂದು ಕೆಲವರು ಭಾವಿಸಿದ್ದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂತು. ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಕರ್ನಾಟಕದ ಹೆಂಗಸರಿಗೆ ಉಚಿತ ಪ್ರಯಾಣ. ಕಂಡಕ್ಟರು ಕೊಡುವುದು ಶೂನ್ಯ ದರದ ಟಿಕೆಟ್ಟು. ಸರ್ಕಾರದ ಬೊಕ್ಕಸಕ್ಕೆ ಹೊರೆಯೆಂಬ ವಾದವಿದೆ, ನೂಕುನುಗ್ಗಲಿನ ದೂರೂ ಇದೆ. ಆದರೆ ಚರಿತ್ರೆಯ ಕಣ್ಣಿನಿಂದ ನೋಡುವವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಮೂವತ್ತು ನಲವತ್ತು ವರ್ಷ ಇದೇ ನಗರದಲ್ಲಿದ್ದೂ ಮನೆಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಮನೆಗೆ ಎಂಬ ಒಂದೇ ನಂಬರು ಬಲ್ಲ ಗೃಹಿಣಿಯರು ಈಗ ಬೇರೆ ಪ್ಲಾಟ್‌ಫಾರಮ್ಮುಗಳ ಕಡೆಗೆ ನಡೆಯತೊಡಗಿದ್ದಾರೆ. ಬನಶಂಕರಿ ದೇವಸ್ಥಾನಕ್ಕೆ, ದೂರದ ಬಡಾವಣೆಯ ಮಗಳ ಮನೆಗೆ, ಹೆಚ್ಚು ಕೂಲಿ ಸಿಗುವ ಇನ್ನೊಂದು ಗಾರ್ಮೆಂಟ್ಸಿಗೆ. ಕೈಯಲ್ಲಿ ಆಧಾರ್ ಕಾರ್ಡು, ಕಂಕುಳಲ್ಲಿ ಚೀಲ. ಬಸ್ಸಿನ ಹಣೆಯ ಮೇಲೆ ಈಗ ದೀಪದ ಅಕ್ಷರಗಳು ಓಡುತ್ತವೆ, ಓದುವಷ್ಟರಲ್ಲಿ ಮುಂದಕ್ಕೆ ಹೋಗಿರುತ್ತವೆ. ಅದಕ್ಕೇ ಅವರು ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತಿರುವ ನಿಮ್ಮಂಥವರ ಕಡೆ ತಿರುಗಿ, 'ಇದೆಲ್ಲಿಗೆ ಹೋಗ್ತದಪ್ಪಾ?' ಎಂದು ಕೇಳುತ್ತಾರೆ.